ಇಬ್ಬರಿಗೊಂದೇ ಚೆಂಡು

ತಂಡದ ಹನ್ನೆರಡು ಮಂದಿಯಲ್ಲಿ ಅವಳನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ, ಅವಳೂ ಓಗೊಡುತ್ತಿದ್ದಳು. ಹದಿನೈದು ವರ್ಷ ಗಾಲ್ಫ್ ಆಡಿಯೇ ಹೊಟ್ಟೆ ಹೊರೆದವಳು, ಮೂರು ದೊಡ್ಡ ಪಂದ್ಯಾವಳಿ ಗೆದ್ದವಳು, ಮೂವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ದೇಶದ ತಂಡಕ್ಕೆ ಬಂದಿದ್ದಳು. ಬಂದು ನಾಲ್ಕು ದಿನವಾದರೂ ಊಟದ ಮೇಜಿನಲ್ಲಿ ಅವಳ ಬಾಯಿಂದ ಉದುರಿದ್ದು 'ಉಪ್ಪು ಈ ಕಡೆ ಕೊಡಿ' ಎಂಬ ಒಂದೇ ಮುತ್ತು.

ಸೊಕ್ಕು ಎಂದು ಮೂಗು ಮುರಿದವರೂ ಇದ್ದರು. ಸೊಕ್ಕೆಲ್ಲಿಂದ ಬರಬೇಕು, ಪಾಪ! ಅವಳಪ್ಪ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಸದಸ್ಯರು ಬರುತ್ತಿದ್ದದ್ದು ಏಳಕ್ಕೆ. ಅಪ್ಪ ಮಗಳು ಐದೂವರೆಗೇ ಹಾಜರು. ಅಪ್ಪ ಯಂತ್ರ ಹತ್ತಿದರೆ ಮಗಳು, ಯಾರೋ ಎಸೆದು ಹೋದ, ಅಪ್ಪ ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿಕೊಟ್ಟ ಕೋಲು ಹಿಡಿದು ಆಡುತ್ತಿದ್ದಳು. ಜೊತೆಗೆ ಆಡಲು ಯಾರಿದ್ದರು? ಸದಸ್ಯರ ಮಕ್ಕಳು ಏಳುವ ಹೊತ್ತಿಗೆ ಇವಳು ಜಾಗ ಖಾಲಿ ಮಾಡಬೇಕಿತ್ತು. ಹಾಗಾಗಿ ಬಿಳಿ ಚೆಂಡು ತನ್ನದು, ಹಳದಿಯದು ಎದುರಾಳಿಯದು ಎಂದುಕೊಂಡು ಎರಡನ್ನೂ ತಾನೇ ಹೊಡೆದು, ತಾನೇ ಗೆದ್ದು, ತಾನೇ ಸೋತು ಮನೆಗೆ ಹೋಗುತ್ತಿದ್ದಳು.

ದೊಡ್ಡವಳಾದ ಮೇಲೆ ಬದಲಾದದ್ದು ಊರುಗಳು ಮಾತ್ರ. ಮೊದಲ ಪ್ರಶಸ್ತಿ ಗೆದ್ದ ಸಂಜೆ ಹೋಟೆಲ್ ಕೋಣೆಯ ಮಂಚದ ಮೇಲೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಉಂಡಳು. ಎದುರಿನ ಕುರ್ಚಿಯ ಮೇಲೆ ಗೆದ್ದ ಬೆಳ್ಳಿಯ ಕಪ್ ಕೂತಿತ್ತು. ಅದೂ ಇವಳಷ್ಟೇ ಮಾತುಗಾರ.

ಆದರೆ ಈ ತಂಡಗಳ ಪಂದ್ಯದಲ್ಲಿ ಮೊದಲೆರಡು ದಿನ ಜೋಡಿಯಾಟ. ಇಬ್ಬರಿಗೊಂದೇ ಚೆಂಡು, ಒಂದು ಹೊಡೆತ ಒಬ್ಬಳದು, ಮುಂದಿನದು ಜೊತೆಗಾರ್ತಿಯದು. ಸರದಿ ತಪ್ಪಿಸಿ ಹೊಡೆದರೆ ಆ ಕುಳಿಯ ಗೆಲುವು ಎದುರಾಳಿಗಳ ಪಾಲು. ಹನ್ನೆರಡರಲ್ಲಿ ಎಂಟು ಮಂದಿಗಷ್ಟೇ ಜೋಡಿ. ಉಳಿದವರು ಮೂರನೆಯ ದಿನದ ಒಂಟಿಯಾಟದವರೆಗೆ ಬೆಂಚು ಕಾಯಬೇಕು. ಮೌನಿಗೆ ಬೆಂಚು ಬೇಕಿರಲಿಲ್ಲ. ಜೀವಮಾನದಲ್ಲಿ ಒಮ್ಮೆ ಯಾರೊಡನಾದರೂ ಆಡಬೇಕೆಂಬ ಆಸೆ ಅವಳಿಗೆ ನಾಚಿಕೆಯಾಗುವಷ್ಟಿತ್ತು.

ಅಭ್ಯಾಸಕ್ಕೆ ಅವಳ ಜೊತೆ ಹಾಕಿದ್ದು ತಂಡದಲ್ಲೆಲ್ಲ ಕಿರಿಯಳನ್ನು. ಎಡಗೈಯಲ್ಲಿ ಆಡುವವಳಾದ್ದರಿಂದ ಎಲ್ಲರ ಬಾಯಲ್ಲಿ ಎಡಚಿ. ಮೂರನೆಯ ಕುಳಿಯಲ್ಲಿ ಮೌನಿ ಚೆಂಡನ್ನು ಧ್ವಜದ ಹತ್ತಿರಕ್ಕೆ ಹೊಡೆದಳು, ನಡೆದುಹೋದಳು, ಬಗ್ಗಿ ನೆಲದ ಇಳಿಜಾರು ನೋಡಿದಳು, ಮೆಲ್ಲಗೆ ತಟ್ಟಿ ತಾನೇ ಕುಳಿಗೆ ಹಾಕಿಬಿಟ್ಟಳು. ಎಡಚಿ ಕೋಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಏಳನೆಯದರಲ್ಲೂ ಅದೇ ಕಥೆ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇವಳಿಗೆ ಜೊತೆಗಾರ್ತಿ ಯಾಕೆ, ನೆರಳು ಸಾಕು," ಅಂದಳು ಒಬ್ಬಳು.

"ಇರ್ಲಿ ಬಿಡಿ ಅಕ್ಕಾ, ಚೆಂಡು ಒಳಗೆ ಹೋಯ್ತಲ್ಲ," ಅಂದಳು ಎಡಚಿ.

ತಪ್ಪಾಯಿತು ಅನ್ನಲು ಮೌನಿ ಬಾಯಿ ತೆರೆದಳು. ಹೊರಬಂದದ್ದು "ಗಾಳಿ ಜಾಸ್ತಿ ಇವತ್ತು" ಎಂಬ ಮಾತು.

ಮಧ್ಯಾಹ್ನ ತಂಡದ ನಾಯಕಿ ಹನ್ನೆರಡು ಮಂದಿಗೂ ಚೀಟಿ ಹಂಚಿದರು. ಒಂದು ಕಾಲದ ಚಾಂಪಿಯನ್, ಮಂಡಿ ಸವೆದಿತ್ತೇ ಹೊರತು ನಾಲಿಗೆಯಲ್ಲ. "ಯಾರ ಜೊತೆ ಆಡ್ತೀರೋ ಒಂದೇ ಹೆಸರು ಬರೀರಿ. ಇವಳು ಅವಳನ್ನ, ಅವಳು ಇವಳನ್ನ ಬರೆದಿದ್ರೆ ಆ ಜೋಡಿ ಗ್ಯಾರಂಟಿ. ಉಳಿದದ್ದು ನನ್ನ ತಲೆನೋವು. ಆದ್ರೆ ಏನೂ ಬರೀದೇ ಇರೋರನ್ನ ಯಾರ ಕೊರಳಿಗೂ ಕಟ್ಟಲ್ಲ, ಹೇಳಿದೀನಿ."

ಮೌನಿ ಪೆನ್ನು ಹಿಡಿದಳು. ಬರೆಯಬೇಕಾದ ಹೆಸರು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎರಡು ಸಲ ತನ್ನ ಸರದಿಯನ್ನೇ ನುಂಗಿದವಳ ಹೆಸರನ್ನು ಎಡಚಿ ಯಾಕೆ ಬರೆದಾಳು? ತಾನೊಬ್ಬಳೇ ಬರೆದದ್ದು ನಾಯಕಿಯ ಕಣ್ಣಿಗೆ ಬಿದ್ದರೆ ಮಾನ ಉಳಿಯುತ್ತದೆಯೇ? ಎಲ್ಲರೂ ಬರೆಯುವಷ್ಟು ಹೊತ್ತು ಬರೆಯುವವಳಂತೆ ಕೈಯಾಡಿಸಿ, ಖಾಲಿ ಚೀಟಿಯನ್ನು ನಾಲ್ಕು ಮಡಿಕೆ ಮಡಚಿ ಕೊಟ್ಟಳು.

ಸಂಜೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಎರಡೂ ದಿನದ ಪಟ್ಟಿ ಅಂಟಿಸಿದರು. ಮೇಲಿಂದ ಕೆಳಗೆ ಎರಡು ಸಲ ಓದಿದರೂ ಅವಳ ಹೆಸರಿರಲಿಲ್ಲ. ಗೊತ್ತಿದ್ದದ್ದೇ. ಆದರೂ ಎಂದೂ ಯಾರನ್ನೂ ಏನೂ ಕೇಳದವಳು ಅಂದು ನಾಯಕಿಯ ಕೋಣೆಗೆ ಹೋದಳು.

"ನನ್ನ ಹೆಸರು ಯಾರೂ ಬರೀಲಿಲ್ವಾ, ಮೇಡಂ?"

ನಾಯಕಿ ಮಂಡಿಗೆ ಬ್ಯಾಂಡೇಜು ಸುತ್ತಿಕೊಳ್ಳುತ್ತಿದ್ದವರು ತಲೆಯೆತ್ತಿದರು. "ಹೇಳಬಾರದು. ಆದ್ರೂ ಹೇಳ್ತೀನಿ. ಎಡಚಿ ಬರೆದಿದ್ಲು. ನೀನು ಖಾಲಿ ಕೊಟ್ಟೆ, ನಾನು ಅವಳನ್ನ ಬೇರೆಯವಳ ಜೊತೆ ಹಾಕ್ದೆ. ಪಂದ್ಯ ನಡೆಸೋರಿಗೆ ಪಟ್ಟಿ ಕೊಟ್ಟಾಯ್ತು, ಇನ್ನು ಬದಲಾಯಿಸೋ ಹಾಗಿಲ್ಲಮ್ಮ."

ಹೊರಗೆ ಕಾರಿಡಾರಿನಲ್ಲಿ ಎಡಚಿ ಎದುರಾದಳು. ಕೈಯಲ್ಲಿ ಚೆಂಡುಗಳ ಡಬ್ಬಿ, ಅವಕ್ಕೆ ಗುರುತು ಹಾಕುವ ಹಸಿರು ಪೆನ್ನು. ಮೌನಿಯ ಮುಖ ನೋಡಿದವಳೇ ನಿಂತಳು.

"ಪರವಾಗಿಲ್ಲ ಅಕ್ಕಾ. ನಿಮಗೆ ಇಷ್ಟ ಇರ್ಲಿಲ್ಲ, ಅಷ್ಟೇ ತಾನೇ."

"ಇಷ್ಟ ಇತ್ತು ಕಣೇ." ದನಿ ತನ್ನದೇ ಅನ್ನಿಸಲಿಲ್ಲ ಮೌನಿಗೆ. "ನೀನು ನನ್ನ ಹೆಸರು ಬರೆಯಲ್ಲ ಅಂದ್ಕೊಂಡೆ."

"ನೀವು ನನ್ನ ಹೆಸರು ಬರೆಯಲ್ಲ ಅಂತ ನಾನೂ ಅಂದ್ಕೊಂಡಿದ್ದೆ," ಅಂದಳು ಎಡಚಿ. "ಆದ್ರೂ ಬರೆದೆ."

ಕೋಣೆಯಿಂದ ಹೊಸ ಜೊತೆಗಾರ್ತಿ ಕೂಗಿದಳು. ಎಡಚಿ ಹೋದಳು. ಇನ್ನೊಂದು ಮಾತು ಹೇಳಲೇಬೇಕೆಂದು ಮೌನಿ ಬಾಗಿಲವರೆಗೆ ಹಿಂಬಾಲಿಸಿದಳು, ಬಡಿಯಲು ಕೈಯನ್ನೂ ಎತ್ತಿದಳು. ಒಳಗೆ ಇಬ್ಬರೂ ನಾಳೆ ಮೊದಲ ಹೊಡೆತ ಯಾರದು ಎಂದು ಜಗಳವಾಡುತ್ತಿದ್ದರು. ಆ ಜಗಳ ಮುಗಿದು, ಇಬ್ಬರೂ ನಕ್ಕು, ಒಪ್ಪಿಕೊಳ್ಳುವವರೆಗೂ ಅವಳು ಅಲ್ಲೇ ನಿಂತು ಕೇಳಿದಳು.