ಬುಡ ಮೇಲೆ ಮಾಡಿದ ಕಂಬ

ನನಗೆ ಮರೆವು ಅನ್ನುವವರು ಫೋನು ಅತ್ತ ಇಟ್ಟು ಎದ್ದು ಹೋಗಿ. ನಿನ್ನೆ ಉಂಡದ್ದು ನಿಮಗೇ ನೆನಪಿಲ್ಲ, ನನ್ನ ನೆನಪು ಅಳೆಯಲು ಬಂದಿರಿ! ಇದು ಹೋದ ವರ್ಷ ಘೋಡಗೇರಿಯಲ್ಲಿ ನಡೆದದ್ದು, ಬಡಗಿ ಕಲ್ಲಪ್ಪನ ಬಾಯಿಂದಲೇ ಕೇಳಿದ್ದು.

ಸಂಕೇಶ್ವರದ ಸಾವಿತ್ರವ್ವ ಶಾಲೆಯ ನೌಕರಿ ಮುಗಿಸಿ ಇಂಗ್ಲೆಂಡಿಗೆ ಟೂರ್ ಹೋಗಿದ್ದಳು. ಅಲ್ಲಿ ರೈತರ ಆರುನೂರು ವರ್ಷದ ಮನೆಯೊಂದನ್ನು ಕಂಡಳು. ಮೊದಲು ಕಟ್ಟಿಗೆಯ ಅಸ್ಥಿಪಂಜರ ನಿಲ್ಲಿಸಿ, ನಡುವೆ ತಟ್ಟಿ ಹೆಣೆದು ಮಣ್ಣು ಮೆತ್ತಿದ್ದು. ಒಂದು ಕಬ್ಬಿಣದ ಮೊಳೆಯೂ ಇಲ್ಲ. ಘೋಡಗೇರಿಯ ಹೊಲದಲ್ಲಿ ತನಗೂ ಅಂಥದ್ದೇ ಬೇಕೆಂದು ಹಟ ಹಿಡಿದಳು. ಗೋಕಾಕದ ಇಂಜಿನಿಯರ್ ದಾಕ್ಷಾಯಿಣಿ ನಕ್ಷೆ ತೆಗೆದಳು. ಕೆಲಸ ಕಲ್ಲಪ್ಪನಿಗೆ ಬಂತು.

ನಕ್ಷೆ ನೋಡಿ ಕಲ್ಲಪ್ಪ ನಕ್ಕ. "ಮೊಳಿ ಇಲ್ಲ, ಕಟಗಿ ಬೆಣಿ. ಇದು ಇಂಗ್ಲೆಂಡ್ ಮನಿ ಅಲ್ರಿ, ನಮ್ಮ ಮುತ್ಯಾನ ಮನಿ!"

ಒಂದೇ ಒಂದು ಅವನಿಗೆ ಒಪ್ಪಿಗೆಯಾಗಲಿಲ್ಲ. ನಕ್ಷೆಯಲ್ಲಿ ಕಂಬಗಳು ಕೆಳಗೆ ಸಣ್ಣ, ಮೇಲೆ ದಪ್ಪ. ಅಂದರೆ ಮರದ ಬುಡ ಮೇಲಕ್ಕೆ. ನಮ್ಮ ಕಡೆ ಯಾವ ಬಡಗಿ ಹಾಗೆ ನಿಲ್ಲಿಸುತ್ತಾನೆ? ಮರ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು, ಇಲ್ಲದಿದ್ದರೆ ಆ ಮನೆಯಲ್ಲಿ ದೀಪ ಉಳಿಯುವುದಿಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಇಂಜಿನಿಯರ್ ಹುಡುಗಿ ನಕ್ಷೆ ತಪ್ಪಾಗಿ ತೆಗೆದಿದ್ದಾಳೆ, ಸಾವಿತ್ರವ್ವನ ಮುಂದೆ ಆಡಿದರೆ ಆ ಹುಡುಗಿಯ ಮಾನ ಹೋದೀತು ಎಂದುಕೊಂಡ. ಯಾರಿಗೂ ಹೇಳದೆ ಅಷ್ಟೂ ಕಂಬಗಳನ್ನು ಬುಡ ಕೆಳಗೆ ಮಾಡಿ ಕೆತ್ತಿದ.

ತೊಲೆ ಏರಿಸುವ ದಿನ. ಮೂವತ್ತು ವರ್ಷದಿಂದ ಅವನ ಜೊತೆ ದುಡಿದ ಸಾತಪ್ಪ ಕೆಳಗೆ ನಿಂತು ದಾರಿ ತೋರಿಸುತ್ತಿದ್ದ. ತೊಲೆ ಕೂತಿತೆಂದು ಕಲ್ಲಪ್ಪ ಅದನ್ನೆತ್ತಿದ್ದ ರಾಟೆಯ ಸರಪಳಿ ಸಡಿಲಿಸಿದ.

ಫಟ್!

ಕಂಬದ ತಲೆ ಎರಡು ಹೋಳು. ಆನೆಯಂಥ ತೊಲೆ ಸಾತಪ್ಪನ ಹೆಗಲಿನಿಂದ ಒಂದು ಗೇಣು ಆಚೆ ಬಿದ್ದು ಮಣ್ಣಿನಲ್ಲಿ ಹೂತಿತು. ಸಾತಪ್ಪ ಕುಸಿದು ಕೂತು ತಲೆ ಮುಟ್ಟಿ ಮುಟ್ಟಿ ನೋಡಿಕೊಂಡ. ಕಲ್ಲಪ್ಪನ ಕೈಯಲ್ಲಿ ಸರಪಳಿ ಹಾಗೆಯೇ ಇತ್ತು.

ದಾಕ್ಷಾಯಿಣಿ ಓಡಿ ಬಂದಳು. "ಕಾಕಾ, ಬುಡ ಯಾಕ ಕೆಳಗ ಐತ್ರಿ?"

"ನೀ ತಪ್ಪ ತಗದಿ ಅಂದಕೊಂಡೆ. ನಿನ್ನ ಮಾನ ಹೋಗಬಾರದಂತ ನಮ್ಮ ಪದ್ಧತಿಗೆ ನಾನ ತಿದ್ದೀನಿ, ತಂಗಿ."

"ತಪ್ಪಲ್ರಿ! ಮೂರ ಕಟಗಿ ಕೂಡೋದ ಕಂಬದ ತಲಿಯಾಗ. ಮೂರಕ್ಕೂ ತೂತ ಹೊಡದರ ಸಣ್ಣ ತಲಿಯಾಗ ಏನ ಉಳೀತೈತಿ? ಅದಕ್ಕ ಅಲ್ಲಿ ಮಂದಿ ಬುಡಾನ ಮ್ಯಾಲ ಮಾಡ್ತಾರ."

"ಮದಲ ಹೇಳಬಾರದಾ?"

"ನೀವು ಕೇಳಬಾರದಾ?"

ಸಾತಪ್ಪ ಕೂತಲ್ಲಿಂದಲೇ ಅಂದ: "ಆಕಿ ಮಾನ, ನಿನ್ನ ಪದ್ಧತಿ... ಈ ಎರಡರ ನಡಬರಕ ನನ್ನ ತಲಿ ಸಿಕ್ತೇನೋ ನಿಮಗ?"

ಸಾವಿತ್ರವ್ವ ಕಲ್ಲಪ್ಪನ ಎದುರು ನಿಂತಳು. "ಮನಿಯಾಗ ಇರಾಕಿ ನಾನು. ದೀಪ ಆರತೈತಿ ಅನ್ನೂ ಅಂಜಿಕಿ ನನಗ ಇಲ್ಲ. ಬುಡ ಮ್ಯಾಲ ಮಾಡಿ ನೀ ನಿಲ್ಲಸ್ತಿ ಏನ, ಹೇಳು."

ಹಾಗೆ ನಿಲ್ಲಿಸಿದರೆ ಐವತ್ತು ವರ್ಷದ ಹೆಸರು ಮಣ್ಣುಪಾಲು. ಸುತ್ತಲಿನ ಊರಲ್ಲಿ ಇನ್ನು ಯಾರೂ ಹೊಸ್ತಿಲು ಕೂಡಿಸಲು ಕರೆಯುವುದಿಲ್ಲ. ಅದು ಕಲ್ಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮಣ್ಣಿನಲ್ಲಿ ಹೂತ ತೊಲೆಯನ್ನೂ ಅದರ ಪಕ್ಕ ಕೂತ ಸಾತಪ್ಪನನ್ನೂ ನೋಡಿದ.

"ನಿಲ್ಲಸ್ತೇನ್ರಿ," ಅಂದ.

ಹೊಸ ಕಂಬ ಕೆತ್ತಲು ತಿಂಗಳು ಹಿಡಿಯಿತು. ತೊಲೆ ಏರಿಸುವಾಗ ಅರ್ಧ ಊರು ಹೊಲದ ಬದುವಿನ ಮೇಲೆ ನೆರೆದಿತ್ತು. ಕಲ್ಲಪ್ಪ ಸರಪಳಿಯನ್ನು ಸಾತಪ್ಪನ ಕೈಗೆ ಕೊಟ್ಟು, ತಾನೇ ಹೋಗಿ ತೊಲೆಯ ಕೆಳಗೆ ನಿಂತ.

"ಸರಿಯೋ ಹುಚ್ಚಾ!" ಸಾತಪ್ಪ ಕೂಗಿದ.

"ನೀ ಬಿಡಲೇ."

ಸರಪಳಿ ಸಡಿಲಾಯಿತು. ಮೂರೂ ಕಟ್ಟಿಗೆ ಆ ದಪ್ಪ ಬುಡದಲ್ಲಿ ಕಚ್ಚಿಕೊಂಡು ಕೂತವು. ಒಂದು ಚೂರು ಸದ್ದಿಲ್ಲ. ಆಗ ನೋಡಿ, ಕಲ್ಲಪ್ಪ ಅಲ್ಲಿಯೇ ಕೂತುಬಿಟ್ಟ. ಅವನನ್ನು ಇಬ್ಬರು ಎತ್ತಿ ಹೊರಗೆ ತರಬೇಕಾಯಿತು.

ಮನೆ ಗಟ್ಟಿಯಾಗಿದೆ, ಸಾವಿತ್ರವ್ವನೂ ಗಟ್ಟಿಯಾಗಿದ್ದಾಳೆ. ಆದರೆ ಕಲ್ಲಪ್ಪನಿಗೆ ಅರಳುಮರಳು, ಕಂಬ ತಿರುವಿ ಇಟ್ಟ ಎಂದು ಸುದ್ದಿ ಹಬ್ಬಿದೆ. ಮೂಡಲಗಿಯ ಒಂದು ಮನೆಯವರು ಚೌಕಟ್ಟಿನ ಕೆಲಸ ಬೇರೆಯವರಿಗೆ ಕೊಟ್ಟರು. ಅವನಂತೂ ಊರ ಮುಂದೆ ಹೇಳಿಕೊಳ್ಳುವವನಲ್ಲ. ಮೂಡಲಗಿಯಲ್ಲಿ ನಿಮಗೆ ಬೀಗರಿದ್ದರೆ, ನೆಂಟರಿದ್ದರೆ, ನನ್ನ ಈ ವಾಯ್ಸ್ ಮೆಸೇಜನ್ನು ಈಗಲೇ ಅವರಿಗೆ ಕಳಿಸಿ. ಪೂರಾ ಕೇಳಿಸಿ, ಅರ್ಧಕ್ಕೆ ನಿಲ್ಲಿಸಬೇಡಿ.