ಹೆಸರಿನ ಮುಂದೊಂದು ಅಕ್ಷರ

ಎಣ್ಣೆಗೆ ಮೀನು ಬಿದ್ದ ಚೊರ್ ಸದ್ದು, ಮತ್ತೊಂದು ಬಿತ್ತು, ಅಕೋಥ್‌ಳ ಹೊಟ್ಟೆ ಚುರುಗುಟ್ಟಿತು, ಆಮೇಲೆ, ಆಮೇಲೆ, ಮೊದಲು ಈ ಫೋನುಗಳು ಯಾಕೆ ಬಾಯಿ ಬಿಡುತ್ತಿಲ್ಲ ನೋಡಬೇಕು — ಕಿಸುಮು ಊರಿನ ಸರೋವರ ದಂಡೆಯಲ್ಲಿ ಕೂತ ಮೀನುಗಾರರೆಲ್ಲ ಫೋನು ಅಂಗೈಯಲ್ಲಿಟ್ಟುಕೊಂಡು ಅವಳ ತೊಡೆಯ ಮೇಲಿನ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಾರೆ, ಸರೋವರದಲ್ಲಿ ಬಿರುಗಾಳಿ ಏಳುವ ಮುನ್ನ ಎಚ್ಚರಿಸುವ ಸಂದೇಶ, ಆರು ತಿಂಗಳು ಕೂತು ಬರೆದ ಪ್ರೋಗ್ರಾಂ, ಇವತ್ತು ಪರೀಕ್ಷೆ, ಎರಡು ಸಲ ಕಳಿಸಿದರೂ ಒಬ್ಬರಿಗೂ ಮುಟ್ಟಿಲ್ಲ, ಇನ್ನೊಂದ್ಸಲ ನೋಡ್ತೀವಮ್ಮ, ಬರ್ಲಿಲ್ವೋ ನಮ್ಗೆ ಹಳೇ ಸೀಟಿ ಊದೋದೇ ಸಾಕು ಎಂದಿದ್ದಾನೆ ದಂಡೆಯ ಯಜಮಾನ, ಎನ್ನಲಿ, ಸೀಟಿ ಎಷ್ಟು ದೂರ ಕೇಳೀತು — ಪಕ್ಕದಲ್ಲಿ ಅವಳ ಹಿರಿಯ ಸಹೋದ್ಯೋಗಿ ಒಗುಟು ನೆಮ್ಮದಿಯಾಗಿ ಮೆಕ್ಕೆಜೋಳದ ಮುದ್ದೆ ಉಗಾಲಿ ಮುರಿಯುತ್ತಿದ್ದಾನೆ, ಪ್ರೋಗ್ರಾಮಿನಲ್ಲಿ ಇಡೋ ಪ್ರತಿ ಹೆಸರಿನ ಮುಂದೂ ಒಂದು ಅಕ್ಷರ ಹಾಕಮ್ಮ, ಒಳಗಿರೋದು ಸಂಖ್ಯೆಯೋ ಪಠ್ಯವೋ ನೋಡಿದ ಕೂಡ್ಲೇ ಗೊತ್ತಾಗ್ಬೇಕು ಎಂದು ತಿಂಗಳುಗಟ್ಟಲೆ ಅವಳ ತಲೆ ತಿಂದವನು, ಸಕ್ಕರೆ ಡಬ್ಬಿ ಮೇಲೆ ಪುಡಿ-ಸಕ್ಕರೆ ಅಂತ ಬರೀತಾರಾ ಅಣ್ಣಾ ಎಂದು ಅವಳು ನಕ್ಕಿದ್ದಳು, ಅವನು ಬಿಟ್ಟನೇ, ನಮ್ಮ ಲುವೊ ಜನರ ಹೆಸರು ನೋಡು, ಅಕೋಥ್ ಅಂದ್ರೆ ಮಳೇಲಿ ಹುಟ್ಟಿದ ಹೆಣ್ಣು, ಒಕೋಥ್ ಅಂದಿದ್ರೆ ಗಂಡು, ಒಂದೇ ಅಕ್ಷರ ಎಷ್ಟು ಕೆಲ್ಸ ಮಾಡುತ್ತೆ ಎಂದಿದ್ದ, ಹೆಣ್ಣು ಅಂತ ತಿಳಿದ್ರೆ ನನ್ನೊಳಗೇನಿದೆ ಅಂತ ತಿಳೀತಾ ಅಣ್ಣಾ — ಪರದೆಯ ಮೇಲೆ ಸಾಲುಗಳು ಸರಿಯುತ್ತಿವೆ, ಮೀನುಗಾರರ ನಂಬರುಗಳಿಗೆ ಅವಳೇ ಇಟ್ಟ ಹೆಸರು, ಫೋನ್, ಬರೀ ಫೋನ್, ಅಯ್ಯೋ, ಹೋದ ವಾರ ಇದನ್ನೇ ಸಂಖ್ಯೆಯೆಂದುಕೊಂಡು ಒಂದು ಸಾಲು ಸೇರಿಸಿದಳಲ್ಲ, ಸಂಖ್ಯೆಯಾದರೆ ಮೊದಲಿಗಿರುವ ಸೊನ್ನೆಗೆ ಬೆಲೆಯಿಲ್ಲ, ಯಂತ್ರ ಸಿಪ್ಪೆಯಂತೆ ಕಿತ್ತೆಸೆದಿದೆ, ಇಲ್ಲಿ ಸೊನ್ನೆಯಿಂದ ಶುರುವಾಗದ ಫೋನ್ ನಂಬರ್ ಯಾವುದಿದೆ! ನಗು ಉಕ್ಕಿತು, ಆ ಸಾಲು ಅಳಿಸಿದಳು, ಫೋನ್ ಮುಂದೆ ಪಠ್ಯ ಎಂದು ಹೇಳುವ ಒಂದಕ್ಷರ ಹಾಕಿದಳು, ಇದೊಂದಕ್ಕೆ ಮಾತ್ರ ಅಣ್ಣಾ, ಒಂದಕ್ಕಾದ್ರೂ ಹಾಕಿದ್ಯಲ್ಲ ತಾಯಿ ಎಂದ ಒಗುಟು, ಬಾಯ್ತುಂಬ ಮೀನು — ಒತ್ತಿದಳು, ಒಂದು ಫೋನು ಕೂಗಿತು, ನಾಲ್ಕು, ಇಪ್ಪತ್ತು, ದಂಡೆಗೆ ದಂಡೆಯೇ ಕೂಗಿತು, ಓದಲು ಬಾರದ ಯಜಮಾನ ಫೋನನ್ನು ಕಿವಿಗೊತ್ತಿ ಕುಣಿಯುತ್ತಿದ್ದಾನೆ, ಅಷ್ಟರಲ್ಲಿ ಯಾರೋ, ಅಲ್ನೋಡ್ರೋ, ಬೆಳಿಗ್ಗೆನೇ ನೀರಿಗೆ ಹೋದೋರಿಗೆ ಇದು ಪರೀಕ್ಷೆ ಅಂತ ಯಾರೂ ಹೇಳೇ ಇಲ್ವಲ್ಲ — ದೂರದಲ್ಲಿ, ಬಿರುಗಾಳಿಯ ಸುಳಿವೇ ಇಲ್ಲದ ನೀಲಿಯಲ್ಲಿ, ಒಂದು ಬಿಳಿ ಹಾಯಿ, ನಿಂತಿತು, ತಿರುಗುತ್ತಿದೆ, ದಂಡೆಯ ಕಡೆಗೆ, ಬಿಳಿ ಹಾಯಿ, ತಿರುಗಿತು