ಬಿಸಿಲು ಕಾಣದ ತೋಳು

ದುಮ್ಮವಾಡದ ಮಹಿಳಾ ಸಂಘದಲ್ಲಿ ಸುಮಂಗಲಾಳದ್ದೇ ಕಾರುಬಾರು. ಕಲಘಟಗಿಯಲ್ಲಿ ತರಬೇತಿ ಪಡೆದು ಬಂದು, ಹೊಲದ ಬದುವಿನಲ್ಲಿ ಬೆಳೆಯುವ ಬಾವಂಚಿ ಗಿಡದ ಬೀಜದ ಸಾರ ತೆಗೆದು ಮುಖಕ್ಕೆ ಹಚ್ಚುವ ಎಣ್ಣೆ ಮಾಡಿದವಳು ಅವಳೇ. ಮಾರುವ ಮೊದಲು ತೋಳಿಗೆ ಹಚ್ಚಿ ನೋಡಿ, ಆ ಜಾಗಕ್ಕೆ ಬಿಸಿಲೂ ತಾಗಲಿ ಎಂದು ತರಬೇತಿಯಲ್ಲಿ ಹೇಳಿದ್ದರು. ಸಂಘದ ಹೆಂಗಸರು ಹಚ್ಚಿಕೊಂಡೇ ಕಳೆ ತೆಗೆಯಲು ಹೋದರು. ಕಳೆಗೆ ಹೋಗುವಾಗ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಡುವುದು ಇಲ್ಲಿನ ರೂಢಿ. ದಿನವಿಡೀ ಹೊಲದಲ್ಲಿದ್ದರಲ್ಲ, ಇನ್ನೆಷ್ಟು ಬಿಸಿಲು ಬೇಕು ಎಂದುಕೊಂಡಳು ಈ ಜಾಣೆ. ಯಾರಿಗೂ ಏನೂ ಆಗಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಮೊದಲ ಬಾಟಲಿಯನ್ನು ಅಣ್ಣನ ಮಗಳು, ಮದುಮಗಳು ಮಲ್ಲಿಕಾಳ ಕೈಗಿಟ್ಟಳು.

ಮದುವೆಯ ಹಿಂದಿನ ದಿನ ಮಲ್ಲಿಕಾ ಆ ಎಣ್ಣೆ ಹಚ್ಚಿಕೊಂಡಳು. ಅದರ ಮೇಲೆ ನೆರೆಮನೆಯ ಮುದುಕಿ ಮೈಲಾರವ್ವ ತಾನೇ ಕುಟ್ಟಿ ತಂದ ಅರಿಷಿಣ ಬಳಿದಳು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿದ ಸುರಗಿಯಲ್ಲಿ ಹುಡುಗಿ ಮಧ್ಯಾಹ್ನದವರೆಗೂ ಅಂಗಳದ ಬಿಸಿಲಿಗೆ ಕೂತಳು.

ಮದುವೆಯ ಬೆಳಿಗ್ಗೆ ನೋಡಿದರೆ ಕೆನ್ನೆಯೆಲ್ಲ ಬೊಬ್ಬೆ.

"ಅರಿಷಿಣದಾಗ ಏನ್ ಕೂಡಿಸಿದಿ ಬೇ? ನನ್ನ ಮಗಳ ಮಾರಿ ಸುಟ್ಟೆಲ್ಲ!" ಮಲ್ಲಿಕಾಳ ತಾಯಿ ಸಣ್ಣವ್ವ ಬೀಗರೆದುರೇ ಮೈಲಾರವ್ವನ ಮೇಲೆ ಹರಿಹಾಯ್ದಳು.

"ಏನೂ ಕೂಡಿಸಿಲ್ಲವಾ. ನಿನ್ನ ಮದುವ್ಯಾಗೂ ನಾನ ಹಚ್ಚಿದ್ದೆ," ಎಂದ ಮುದುಕಿ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಳು.

ಸೆರಗು ಮುಚ್ಚಿದ್ದ ಹಣೆಗೆ ಮಾತ್ರ ಏನೂ ಆಗಿರಲಿಲ್ಲ. ಎಣ್ಣೆ, ಅರಿಷಿಣ ಎರಡನ್ನೂ ಅಲ್ಲಿಗೂ ಹಚ್ಚಿದ್ದರು, ಬಿಸಿಲೊಂದು ತಾಗಿರಲಿಲ್ಲ. ಸುಮಂಗಲಾಳಿಗೆ ಕಳೆಯ ಹೊಲದಲ್ಲಿ ಹೆಂಗಸರ ಕೈ ಮುಚ್ಚಿದ್ದ ಆ ಅಂಗಿಯ ತೋಳುಗಳು ನೆನಪಾದವು. ಸಂಘದ ಹೆಸರು ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಳು; ನಿಜ ಹೇಳಬೇಕೆಂದರೆ, ಹೆದರಿದ್ದು ತನ್ನ ಹೆಸರಿಗೆ. ಅಕ್ಷತೆಯ ಹೊತ್ತಿಗೆ ಮೈಲಾರವ್ವ ಹಂದರದ ಹೊರಗೇ ನಿಂತಳು, ಊಟಕ್ಕೂ ಕೂಡಲಿಲ್ಲ.

ಮಾಯುತ್ತದೆ, ಕಲೆ ಹೋಗಲು ದಿನ ಹಿಡಿಯುತ್ತದೆ ಎಂದರು ಮಲ್ಲಿಕಾಳ ಕೆನ್ನೆ ನೋಡಿದ ಡಾಕ್ಟರು. ಸಂಜೆ ಸುಮಂಗಲಾ ಮುದುಕಿಯ ಮನೆಗೆ ಹೋದಳು. ಮೈಲಾರವ್ವ ಅರಿಷಿಣ ಹತ್ತಿದ ಕೈಯನ್ನು ಒಲೆಯ ಬೂದಿಯಿಂದ ತಿಕ್ಕುತ್ತ ಕೂತಿದ್ದಳು.

"ಆಯೀ, ತಪ್ಪು ನಂದು. ನನ್ನ ಎಣ್ಣಿ ಬಿಸಲಿಗೆ ಸುಡತೈತಿ. ನಾ ಬಿಸಲಾಗ ನೋಡಿರಲಿಲ್ಲ."

"ಯಾವಾಗ ತಿಳೀತವಾ?"

"ಮುಂಜಾನೇನ."

ತಿಕ್ಕುತ್ತಿದ್ದ ಕೈ ನಿಂತಿತು. "ಆಕಿ ನನ್ನ ಬೈಯೂ ಮುಂದ ನೀ ಬಾಜೂಕ ನಿಂತಿದ್ದಿ."

"ಬಾ ಆಯೀ, ಎಲ್ಲಾರ ಮುಂದ ಹೇಳತೇನಿ."

"ಯಾರ ಮುಂದ ಹೇಳತಿ? ಬೀಗರೆಲ್ಲಾ ಬಸ್ ಹತ್ತಿ ಹ್ವಾದ್ರು," ಎಂದು ಮೈಲಾರವ್ವ ಮತ್ತೆ ಬೂದಿಗೆ ಕೈ ಹಾಕಿದಳು.